ಸರದ ಮೇಲೆ ಬಂದ ಅಪವಾದ

ಗಿಲೀಟಪ್ಪನ ನಿಜವಾದ ಹೆಸರೇನೆಂದು ಕೇಳಿದರೆ ಆ ಬೀದಿಯಲ್ಲಿ ಹತ್ತರಲ್ಲಿ ಒಂಬತ್ತು ಜನ ತಲೆ ಕೆರೆದುಕೊಳ್ಳುತ್ತಾರೆ. ಹಿತ್ತಾಳೆ ಸರ, ತಾಮ್ರದ ಬಳೆಗಳಿಗೆ ಚಿನ್ನದ ನೀರು ಕುಡಿಸಿ ಚಿನ್ನದ ಹಾಗೆ ಮಿನುಗಿಸುವುದು ಅವನ ಕಸುಬು. ಗಿಲೀಟಿನ ಕೆಲಸ ಮಾಡುವವನು ಗಿಲೀಟಪ್ಪನಾದ, ಅವನ ಕೈ ಹಿಡಿದ ತಪ್ಪಿಗೆ ಹೆಂಡತಿ ಗಿಲೀಟಮ್ಮನಾದಳು. ಇಬ್ಬರಿಗೂ ಈ ಬಗ್ಗೆ ತಕರಾರೇನೂ ಇರಲಿಲ್ಲ.

ಮುಂದಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯ ಅಂಗಡಿ, ಅದರ ಹಿಂದಿನ ಕೋಣೆಯಲ್ಲಿ ಚಿನ್ನದ ನೀರಿನ ಮೂರು ತೊಟ್ಟಿ, ಅದರ ಹಿಂದೆ ಅಡುಗೆಮನೆ, ಬಚ್ಚಲು. ಬಂದ ಒಡವೆಯ ಜಿಡ್ಡು ತೆಗೆಯುವುದು ಅವಳ ಪಾಲಿನ ಕೆಲಸ. ಬಿಸಿ ಸೋಪಿನ ನೀರಲ್ಲಿ ನೆನೆಹಾಕಿ, ಹಿತ್ತಾಳೆ ತಂತಿಯ ಪುಟ್ಟ ಬ್ರಷ್ಷಿನಲ್ಲಿ ಕೊಂಡಿ ಕೊಂಡಿಯನ್ನೂ ಉಜ್ಜಿ, ಮೂರು ನೀರಲ್ಲಿ ಜಾಲಿಸಿ ಕೊಡುತ್ತಿದ್ದಳು. ಅವನು ಅದನ್ನು ತಂತಿಗೆ ಸಿಕ್ಕಿಸಿ ತೊಟ್ಟಿಗಿಳಿಸಿ, ಮೀಟರಿನ ಮುಳ್ಳಿನ ಮೇಲೆ ಕಣ್ಣಿಟ್ಟು, ಎಷ್ಟು ಬೇಕೋ ಅಷ್ಟೇ ಕರೆಂಟು ಹರಿಸುತ್ತಿದ್ದ. ಇಡೀ ದಿನ ಕೂತೇ ಮಾಡುವ ಕೆಲಸ. ನಡುನಡುವೆ ಚಹಾ. ಅವಳ ಲೋಟಕ್ಕೆ ನಾಲ್ಕು ಚಮಚ ಸಕ್ಕರೆ. ಅವನು ಅದನ್ನು ಪಾಯಸ ಎಂದು ಹಂಗಿಸುತ್ತಿದ್ದ, ಅವಳು ಅವನದನ್ನು ಕಷಾಯ ಎನ್ನುತ್ತಿದ್ದಳು.

ಗಿಲೀಟಪ್ಪ ಒಳ್ಳೆಯವನೇ, ಆದರೆ ಬಾಯಿ ಸ್ವಲ್ಪ ದೊಡ್ಡದು. "ನನ್ನ ಸರ ಹಾಕ್ಕೊಂಡು ಕುತ್ತಿಗೆ ಕಪ್ಪಾದ್ರೆ ಮೀಸೆ ಬೋಳಿಸ್ಕೊಳ್ತೀನಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಮೀಸೆಯೂ ಹಾಗೇ ಇತ್ತು, ಎರಡೂ ಕಡೆ ಒತ್ತಾಗಿ, ಪಣಕ್ಕಿಡಲು ತಕ್ಕಂತೆ. ಯಾರಾದರೂ ಅನುಮಾನಪಟ್ಟರೆ ಸಾಕ್ಷಿಯನ್ನು ಒಳಗಿನಿಂದ ಕರೆಯುತ್ತಿದ್ದ. ಸಾಕ್ಷಿ ಎಂದರೆ ಹೆಂಡತಿ. ಮದುವೆಯಾದ ವರ್ಷ, ಸ್ವಂತ ತೊಟ್ಟಿ ಹೂಡಿದ ದಿನ, ಅವನು ಮೊಟ್ಟಮೊದಲು ಅದ್ದಿ ತೆಗೆದ ಸರ ಅವಳ ಕುತ್ತಿಗೆಯಲ್ಲಿತ್ತು. ಹತ್ತೊಂಬತ್ತು ವರ್ಷದಿಂದ ಅಲ್ಲೇ ಇತ್ತು. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿಸಿಕೊಂಡು ಭೂತಗನ್ನಡಿ ಹಿಡಿದು ಒಂದೊಂದು ಕೊಂಡಿಯನ್ನೂ ಪರೀಕ್ಷಿಸಿ, ಸವೆದ ಕಡೆ ಮತ್ತೆ ನೀರು ಕುಡಿಸಿ ಕೊಡುತ್ತಿದ್ದ.

ಒಂದು ಬೆಳಿಗ್ಗೆ ಟೈಪಿಂಗ್ ಕಲಿಸುವ ಹೆಂಗಸೊಬ್ಬಳು ಬಂದು ಸರವೊಂದನ್ನು ಗಾಜಿನ ಮೇಲಿಟ್ಟಳು. ಆರು ತಿಂಗಳ ಹಿಂದೆ ಅವನೇ ಕೊಟ್ಟಿದ್ದು.

"ನಿಮ್ಮ ಸರ ಹಾಕ್ಕೊಂಡು ಕುತ್ತಿಗೆ ಸುತ್ತ ತುರಿಕೆ, ಕಪ್ಪು ಗೆರೆ. ಏನ್ ಹೇಳ್ತೀರಾ?"

"ನಾನೇನು ಹೇಳೋದಮ್ಮ, ಸಾಕ್ಷಿನೇ ಹೇಳುತ್ತೆ" ಎಂದು ಅವನು ಒಳಗೆ ಕೂಗಿದ. "ಲೇ ಇವಳೇ, ಸ್ವಲ್ಪ ಬಂದು ಇವರಿಗೆ ನಿನ್ನ ಕುತ್ತಿಗೆ ತೋರಿಸು!"

ಗಿಲೀಟಮ್ಮ ಬಂದಳು. ಸೆಕೆಗೆ ಫ್ಯಾನು ಸುತ್ತುತ್ತಿದ್ದರೂ ಕುತ್ತಿಗೆಗೆ ಸ್ಕಾರ್ಫು ಸುತ್ತಿಕೊಂಡಿದ್ದಳು.

"ಗಂಟಲು ನೋವು ಕಣ್ರೀ" ಎಂದಳು.

"ಗಂಟಲು ಮುಂದಿರೋದು, ನಾನು ಕೇಳಿದ್ದು ಹಿಂದಿನದು. ಒಂದು ಗಳಿಗೆ ತೆಗಿ."

"ಒಲೆ ಮೇಲೆ ಹಾಲಿದೆ" ಎಂದವಳೇ ಸರಸರನೆ ಒಳಗೆ ಹೋಗಿಬಿಟ್ಟಳು.

ಟೈಪಿಂಗಿನ ಹೆಂಗಸು ಹುಬ್ಬೇರಿಸಿದಳು. ಗಿಲೀಟಪ್ಪ ಪೆಚ್ಚುನಗೆ ನಕ್ಕು, ಬೇರೆ ಸರ ಕೊಟ್ಟು ಕಳಿಸಿದ. ಆದರೆ ಅಂದು ತೊಟ್ಟಿಯ ಮುಂದೆ ಕೂತರೂ ಕೈ ಓಡಲಿಲ್ಲ. ಒಲೆ ಮೇಲೆ ಹಾಲು ಇರಲಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಹಾಲಿನವನು ಆ ದಿನ ಬಂದೇ ಇರಲಿಲ್ಲ.

ಮಧ್ಯಾಹ್ನ ಕೈ ತೊಳೆಯಲು ಬಚ್ಚಲಿಗೆ ಹೋದವನು ಬಾಗಿಲಲ್ಲೇ ನಿಂತ. ಅವಳು ಬೆನ್ನು ತಿರುಗಿಸಿ ಬಗ್ಗಿದ್ದಳು. ಕೂದಲನ್ನು ಮುಂದಕ್ಕೆ ಹಾಕಿಕೊಂಡು, ಒಡವೆ ಉಜ್ಜುವ ಅದೇ ತಂತಿಯ ಬ್ರಷ್ಷಿನಿಂದ ಕುತ್ತಿಗೆಯ ಹಿಂಭಾಗ ಉಜ್ಜಿಕೊಳ್ಳುತ್ತಿದ್ದಳು. ಅಲ್ಲಿ ಚರ್ಮ ದಪ್ಪಗಾಗಿ, ಮಖಮಲ್ಲಿನ ಹಾಗೆ ಒರಟೂ ಅಲ್ಲದ ನುಣುಪೂ ಅಲ್ಲದ ಕಪ್ಪು ಪಟ್ಟಿ ಕಟ್ಟಿತ್ತು. ನಡುನಡುವೆ ಗೀರಿ ರಕ್ತ ಜಿನುಗಿತ್ತು. ಆ ಕಪ್ಪಿನ ಮೇಲೆ ಅವನ ಸರ ಒಂದಿಷ್ಟೂ ಮಾಸದೆ ಹೊಳೆಯುತ್ತಿತ್ತು.

ಅವನು ಮೆಲ್ಲಗೆ ಹೋಗಿ ಅವಳ ಕೈಯಿಂದ ಬ್ರಷ್ಷು ತೆಗೆದುಕೊಂಡ.

"ಎಷ್ಟು ದಿನದಿಂದ ಇದು?"

ಅವಳು ತಿರುಗಲಿಲ್ಲ. "ನಾಲ್ಕು ವರ್ಷ ಆಯ್ತು. ಕೂದಲು ಬಿಟ್ಟು ಮುಚ್ಕೊಳ್ತಿದ್ದೆ."

"ನಾಲ್ಕು ವರ್ಷ! ನನಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿಮ್ಮ ಸರದಿಂದ ಕಪ್ಪಾಯ್ತು ಅಂತಾನಾ? ಬೀದಿಗೆಲ್ಲ ಮೀಸೆ ತಿರುವಿಕೊಂಡು ಹೇಳ್ತಿರ್ತೀರಿ. ನಾನೇ ನಿಮ್ಮ ಮಾನ ಕಳೀಲಾ?"

ಗಿಲೀಟಪ್ಪ ಸರದ ಕೊಕ್ಕೆ ಬಿಚ್ಚಿದ. ಗೀರಿದ ಕಡೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಒತ್ತಿದ. ಆಮೇಲೆ ಮೂರು ತೊಟ್ಟಿಯ ನೀರನ್ನೂ ಡಬ್ಬಿಗಳಿಗೆ ಸುರಿದು ಮುಚ್ಚಳ ಬಿಗಿದು ಮೂಲೆಗಿಟ್ಟ. ಈ ಕೈ ಮನೆಯವಳಿಗೇ ಹೀಗೆ ಮಾಡಿದ ಮೇಲೆ ಹೊರಗಿನ ಎಷ್ಟು ಜನರಿಗೆ ಮಾಡಿದೆಯೋ ಎಂಬ ಯೋಚನೆ ಅವನನ್ನು ಕಿತ್ತು ತಿಂದಿತು.

ಮರುದಿನ ಬೆಳಿಗ್ಗೆ ಕ್ಷೌರದಂಗಡಿಗೆ ಹೋಗಿ ಮೀಸೆ ಬೋಳಿಸಿಕೊಂಡು ಬಂದ.

ಬೀದಿಗೆ ಬೀದಿಯೇ ನಕ್ಕಿತು. ಎದುರು ಅಂಗಡಿಯ ಗಡಿಯಾರ ರಿಪೇರಿಯವನು "ಏನಪ್ಪಾ, ಮೇಲ್ತುಟಿಗೂ ಪಾಲಿಶ್ ಹಾಕಿಸ್ಕೊಂಡ್ಯಾ?" ಎಂದು ಛೇಡಿಸಿದ. ಗಿಲೀಟಪ್ಪ ಸೆಕೆ ಎಂದ. ಗಿಲೀಟಮ್ಮ ಮಾತ್ರ ಅವನ ಬೋಳುತುಟಿ ನೋಡಿ ನಗಲಿಲ್ಲ. ಅಡುಗೆಮನೆಯ ಕಿಟಕಿಯತ್ತ ತಿರುಗಿ, ಮೂಗೆಳೆಯುತ್ತಾ ತುಂಬ ಹೊತ್ತು ಒಂದೇ ಪಾತ್ರೆ ತೊಳೆದಳು. ಅವನಿಗೆ ಅದು ನೋವಿನ ಅಳು ಅನ್ನಿಸಿತು, ಬೇರೇನೂ ಹೊಳೆಯಲಿಲ್ಲ.

ಎರಡು ತಿಂಗಳು ಅವನು ಚಿನ್ನದ ನೀರು ಮುಟ್ಟಲಿಲ್ಲ. ಮುರಿದ ಕೊಕ್ಕೆ ಸರಿಮಾಡುವ, ಮಣಿ ಪೋಣಿಸುವ ಕೆಲಸ ಹಿಡಿದ. ದಿನಕ್ಕೆರಡು ಸಲ ಅವಳನ್ನು ಬೆಳಕಿಗೆ ಕೂರಿಸಿಕೊಂಡು ಮೆಡಿಕಲ್ ಅಂಗಡಿಯವನು ಕೊಟ್ಟ ಮುಲಾಮು ಹಚ್ಚುತ್ತಿದ್ದ. ಅದೇ ಭೂತಗನ್ನಡಿ ಹಿಡಿದು ನೋಡುತ್ತಿದ್ದ. ಹತ್ತೊಂಬತ್ತು ವರ್ಷ ಸರವನ್ನು ಇಷ್ಟು ಹತ್ತಿರದಿಂದ ನೋಡಿದವನು ಅದರ ಕೆಳಗಿದ್ದ ಕುತ್ತಿಗೆಯನ್ನು ಒಮ್ಮೆಯೂ ನೋಡಿರಲಿಲ್ಲವಲ್ಲ ಎಂದು ಒಳಗೊಳಗೇ ತನ್ನನ್ನು ಬೈದುಕೊಂಡ. ಗೀರು ಮಾಯಿತು. ಕಪ್ಪು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಸರ ಇಲ್ಲದೆಯೂ ಇನ್ನಷ್ಟು ಅಗಲವಾಗುತ್ತಿದೆಯೇನೋ ಅನ್ನಿಸಿತು.

ಒಂದು ದಿನ ಅವಳು ಮೇಲಿನ ಹಲಗೆಯಿಂದ ಮಣಿಯ ಡಬ್ಬಿ ತೆಗೆಯಲು ಕೈ ಎತ್ತಿದಳು. ಸಡಿಲ ತೋಳಿನ ಅಂಗಿ ಜಾರಿತು. ಕಂಕುಳಲ್ಲೂ ಅದೇ ಕಪ್ಪು, ಅದೇ ದಪ್ಪ.

"ಅಲ್ಲೇ ನಿಲ್ಲು, ಕೈ ಇಳಿಸ್ಬೇಡ!" ಎಂದು ಅವನು ಸ್ಟೂಲಿಂದ ಎದ್ದ.

"ಯಾಕ್ರೀ, ಹಲ್ಲಿ ಬಿತ್ತಾ?"

"ಹಲ್ಲಿ ಅಲ್ವೇ. ಕಂಕುಳಲ್ಲಿ ನೀನ್ಯಾವತ್ತು ಸರ ಹಾಕ್ಕೊಂಡಿದ್ದೆ?"

ಅವಳು ಥಟ್ಟನೆ ಕೈ ಇಳಿಸಿದಳು. ಮುಖ ಬಿಳಿಚಿಕೊಂಡಿತ್ತು. ಡಾಕ್ಟರು ಬೇಡ, ಬಿಸಿಲಿಗಿರಬೇಕು, ಬೆವರಿಗಿರಬೇಕು ಎಂದು ಏನೇನೋ ಹೇಳಿದಳು. ಅವನು ಕೇಳಲಿಲ್ಲ. ಮರುದಿನವೇ ಅಂಗಡಿಗೆ ಬೀಗ ಹಾಕಿ ಅವಳನ್ನು ಹೊರಡಿಸಿದ.

ಆರೋಗ್ಯ ಕೇಂದ್ರದ ಡಾಕ್ಟರಮ್ಮ ಕುತ್ತಿಗೆ ನೋಡಿದರು, ಕಂಕುಳು ನೋಡಿದರು, ಬೆರಳ ಗೆಣ್ಣು ನೋಡಿದರು. ಟೇಪು ಹಿಡಿದು ಸೊಂಟ ಅಳೆದರು. "ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇತ್ತಾ?" ಎಂದು ಕೇಳಿದರು.

"ಅಮ್ಮನಿಗಿತ್ತು" ಎಂದಳು ಗಿಲೀಟಮ್ಮ. ಮುಂದಿನದನ್ನು ಗಿಲೀಟಪ್ಪನೇ ಹೇಳಿದ. ಅತ್ತೆಗೆ ಮೊದಲು ಕಾಲಿನ ಗಾಯ ಮಾಯದೆ ಹೋಯಿತು, ಆಮೇಲೆ ಕಣ್ಣು ಹೋಯಿತು, ಐವತ್ತನಾಲ್ಕಕ್ಕೆ ಜೀವವೇ ಹೋಯಿತು. ಡಾಕ್ಟರಮ್ಮ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ರಕ್ತ ಕೊಡಲು ಹೇಳಿದರು.

ಎರಡು ದಿನದ ಮೇಲೆ ರಿಪೋರ್ಟು ಹಿಡಿದು ನಿಧಾನವಾಗಿ ವಿವರಿಸಿದರು. "ಇದು ಕೊಳೆ ಅಲ್ಲ. ಉಜ್ಜಿದ್ರೆ ಹೋಗಲ್ಲ, ಗಾಯ ಆಗುತ್ತೆ ಅಷ್ಟೇ. ನಮ್ಮ ಮೈಯಲ್ಲಿ ಇನ್ಸುಲಿನ್ ಅಂತ ತಯಾರಾಗುತ್ತೆ. ರಕ್ತದಲ್ಲಿರೋ ಸಕ್ಕರೆನ ಮೈ ಒಳಗೆ ಸೇರಿಸೋದು ಅದರ ಕೆಲಸ. ನಿಮ್ಮ ಮೈ ಅದರ ಮಾತು ಸರಿಯಾಗಿ ಕೇಳ್ತಿಲ್ಲ. ಅದಕ್ಕೆ ಮೈ ಏನು ಮಾಡುತ್ತೆ? ಇನ್ನೂ ಜಾಸ್ತಿ, ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತೆ. ಆ ಜಾಸ್ತಿಯಾಗಿದ್ದು ಚರ್ಮನ ಹೀಗೆ ದಪ್ಪ ಮಾಡಿ ಕಪ್ಪು ಮಾಡುತ್ತೆ."

ಗಿಲೀಟಪ್ಪನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಗಿಲೀಟಮ್ಮನಿಗೆ ಪೂರ್ತಿ ತಿಳಿಯಿತು.

"ಜಿಡ್ಡು ಹೋಗದ ಸರನ ತೊಟ್ಟಿಗೆ ಇಳಿಸಿದ ಹಾಗೆ, ಅಲ್ವಾ ಡಾಕ್ಟ್ರೇ? ಬಣ್ಣ ಹಿಡಿಯಲ್ಲ. ಹಿಡಿಯಲ್ಲ ಅಂತ ಕರೆಂಟು ಏರಿಸಿದ್ರೆ ಅಂಚು ಸೀದು ಕಪ್ಪಾಗುತ್ತೆ."

"ಹೆಚ್ಚುಕಡಿಮೆ ಹಾಗೇ" ಎಂದು ಡಾಕ್ಟರಮ್ಮ ನಕ್ಕರು. "ಸದ್ಯ ಇದಿನ್ನೂ ಸಕ್ಕರೆ ಕಾಯಿಲೆ ಆಗಿಲ್ಲ. ಗೆರೆ ಹತ್ತಿರ ಬಂದು ನಿಂತಿದ್ದೀರಿ. ಮೈ ಮುಂಚೆನೇ ಕೂಗಿ ಹೇಳಿದೆ, ಕೇಳಿಸ್ಕೊಳ್ಳಿ. ಸಕ್ಕರೆ, ಕರಿದ ತಿಂಡಿ ಕಡಿಮೆ ಮಾಡಿ. ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೀರಿ. ತೂಕ ಇಳಿಸಿ. ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ನೋಡೋಣ. ಕಪ್ಪೂ ನಿಧಾನಕ್ಕೆ ತಿಳಿಯಾಗಬಹುದು, ಆದ್ರೆ ಅದರ ಚಿಂತೆ ಆಮೇಲೆ."

"ಹಾಗಾದ್ರೆ ನನ್ನ ಸರದಿಂದ ಅಲ್ಲ?" ಎಂದು ಗಿಲೀಟಪ್ಪ ಕುರ್ಚಿಯ ತುದಿಗೆ ಬಂದ.

"ಯಾವ ಸರ? ಸರಕ್ಕೂ ಇದಕ್ಕೂ ಸಂಬಂಧನೇ ಇಲ್ಲ."

ಎರಡು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಚಪ್ಪಡಿ ಕಲ್ಲು ಉರುಳಿ ಹೋಯಿತು. ಗಿಲೀಟಪ್ಪ ತೊಡೆ ತಟ್ಟಿಕೊಂಡು ಗಹಗಹಿಸಿ ನಕ್ಕ. ಕೈ ತಾನಾಗಿಯೇ ಮೀಸೆ ತಿರುವಲು ಹೋಗಿ, ಬರಿ ತುಟಿ ಸವರಿ ಬಂತು. "ನೋಡಿದ್ಯಾ? ನಾನು ಹೇಳ್ಲಿಲ್ವಾ!" ಎಂದು ಅವಳ ಕಡೆ ತಿರುಗಿದ.

ಅವಳು ರಿಪೋರ್ಟಿನ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು.

ಅವನು ನಗು ನಿಲ್ಲಿಸಿದ. ನನ್ನ ಸರ ಗೆದ್ದಿತೆಂದು ನಾನು ಕುಣಿಯುತ್ತಿದ್ದೇನೆ, ಇವಳ ಕೈಗೆ ಇವಳಮ್ಮನ ಕಾಯಿಲೆಯ ಚೀಟಿ ಬಂದಿದೆ ಎಂದುಕೊಂಡ. ಜೀವಮಾನದಲ್ಲಿ ಅಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ.

ಆಟೋ ಹತ್ತುವುದು ಬೇಡ, ನಡೆದೇ ಹೋಗೋಣ ಎಂದು ಅವಳೇ ಹೇಳಿದಳು. ಟೈರು ಅಂಗಡಿ ದಾಟಿದರು, ಶಾಲೆಯ ಉದ್ದದ ಗೋಡೆ ದಾಟಿದರು. ನೀರಿನ ಟ್ಯಾಂಕಿನ ಹತ್ತಿರ ಅವನು ತಡೆಯಲಾರದೆ ಬಾಯಿ ಬಿಟ್ಟ.

"ನಕ್ಕಿದ್ದು ತಪ್ಪಾಯ್ತು ಕಣೇ. ನನಗೆ ಬುದ್ಧಿ ಇಲ್ಲ."

"ನಗಬೇಕಾದ್ದೇ" ಎಂದಳು. ಸ್ವಲ್ಪ ದೂರ ನಡೆದು, ಅವನತ್ತ ನೋಡದೆ ಹೇಳಿದಳು. "ಅಮ್ಮನ ಕುತ್ತಿಗೆನೂ ಹೀಗೇ ಇತ್ತು."

ಅವನು ನಿಂತುಬಿಟ್ಟ.

"ನಾನು ಚಿಕ್ಕವಳಿದ್ದಾಗ ಸ್ನಾನಕ್ಕೆ ಕೂತಾಗೆಲ್ಲ ಬೆನ್ನುಜ್ಜೋಕೆ ಕರೀತಿದ್ಲು. ಕೊಳೆ ಅಂತ ನಾನು ಕಲ್ಲು ಹಾಕಿ ತಿಕ್ತಿದ್ದೆ. ಜೋರಾಗಿ ತಿಕ್ಕೇ ಅಂತಿದ್ಲು ಪಾಪ. ಅವಳ ಕುತ್ತಿಗೇಲಿ ಸರ ಅನ್ನೋದೇ ಇರ್ಲಿಲ್ಲ ಕಣ್ರೀ, ಒಂದು ದಿನಾನೂ ಇರ್ಲಿಲ್ಲ." ಅವಳ ಕೈ ಕುತ್ತಿಗೆಯ ಹಿಂದಕ್ಕೆ ಹೋಯಿತು. "ನನಗೆ ನಾಲ್ಕು ವರ್ಷದ ಹಿಂದೆ ಕನ್ನಡೀಲಿ ಕಂಡ ದಿನಾನೇ ಅಮ್ಮ ನೆನಪಾದ್ಲು. ಎದೆ ಒಡೆದುಹೋಯ್ತು. ಇಲ್ಲ, ಇದು ಸರದ್ದೇ ಅಂತ ನನಗೆ ನಾನೇ ಹೇಳ್ಕೊಂಡೆ. ತಪ್ಪು ಸರದ ಮೇಲೆ ಹಾಕಿದ್ರೆ ರಾತ್ರಿ ನಿದ್ದೆ ಬರ್ತಿತ್ತು. ನಿಮ್ಮ ಮಾನ ಕಾಪಾಡ್ತಿದ್ದೀನಿ ಅಂದೆನಲ್ಲ, ಸುಳ್ಳು. ನೀವು ತೊಟ್ಟಿ ಬರಿದು ಮಾಡಿದ್ರಿ, ಮೀಸೆ ಬೋಳಿಸ್ಕೊಂಡ್ರಿ, ನಾನು ಬಾಯಿ ಬಿಡ್ಲಿಲ್ಲ. ನಿಮ್ಮನ್ನ ಕಳ್ಳನ ಹಾಗೆ ನಿಲ್ಲಿಸಿ ನೋಡ್ತಾ ಇದ್ದೆ."

ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಗಿಲೀಟಪ್ಪನಿಗೆ ಸಿಟ್ಟು ಬರಬೇಕಾಗಿತ್ತೋ ಏನೋ, ಬರಲಿಲ್ಲ. ನಾಲ್ಕು ವರ್ಷ ಈ ಭಯವನ್ನು ಒಬ್ಬಳೇ ಹೊತ್ತುಕೊಂಡು, ಪಕ್ಕದಲ್ಲೇ ಕೂತು ಚಹಾ ಕುಡಿದಳಲ್ಲ ಎಂದುಕೊಂಡ. ಅವಳ ಕೈ ಹಿಡಿದುಕೊಂಡ. ಬೀದಿಯಲ್ಲಿ ಹಾಗೆ ಕೈ ಹಿಡಿದು ಅವನಿಗೆ ರೂಢಿಯಿರಲಿಲ್ಲ.

"ಇನ್ನು ಮೇಲೂ ಏನಾದ್ರೂ ನನ್ನ ಮೇಲೇ ಹಾಕು, ಬೇಡ ಅನ್ನಲ್ಲ. ಆದ್ರೆ ಮುಚ್ಚಿಡಬೇಡ. ಅತ್ತೆಗೆ ಹೇಳೋರು ಯಾರೂ ಇರ್ಲಿಲ್ಲ. ನಿನಗೆ ಡಾಕ್ಟರಮ್ಮ ಮುಂಚೆನೇ ಹೇಳಿದ್ದಾರೆ."

ಅವಳು ತಲೆಯಾಡಿಸಿದಳು. ಕಣ್ಣೊರೆಸಿಕೊಂಡಳು. ಮತ್ತೆ ನಡೆದರು. ತಮ್ಮ ಬೀದಿ ಬಂತು, ಬೀಗ ಹಾಕಿದ ಅಂಗಡಿ ಬಂತು. ಗಡಿಯಾರದವನು ಕತ್ತೆತ್ತಿ ಇಬ್ಬರ ಕೈಗಳನ್ನು ನೋಡಿ, ಏನೋ ಛೇಡಿಸಲು ಹೋಗಿ, ಮತ್ತೆ ಕೈಯಲ್ಲಿದ್ದ ಗಡಿಯಾರಕ್ಕೆ ಬಗ್ಗಿದ. ಗಿಲೀಟಪ್ಪ ಜೇಬಿನಿಂದ ಬೀಗದ ಕೈ ತೆಗೆಯಲಿಲ್ಲ, ಬಾಗಿಲ ಮುಂದೆ ನಿಲ್ಲಲೂ ಇಲ್ಲ.

"ಮನೆ ಬಂತಲ್ರೀ."

"ಬಂತು. ಮುಕ್ಕಾಲು ಗಂಟೆ ಆಗಿಲ್ಲ ಇನ್ನೂ, ನಡಿ."