ಎಳೆಯಬೇಡಿ, ಟಿಕ್ ಕೇಳಿ

ಕೆ.ಆರ್. ಪುರದ ತೂಗುಸೇತುವೆ ದಾಟಿ ಸ್ವಲ್ಪ ಒಳಕ್ಕೆ ಹೋದರೆ ಒಂದು ತಗಡಿನ ಶೆಡ್ಡಿತ್ತು. ಎರಡು ಸಾವಿರದ ದಶಕದ ಕೊನೆಯ ಆರು ವರ್ಷಗಳನ್ನು ನಾನು ಕಳೆದದ್ದು ಅಲ್ಲಿ. ವಾಹನಗಳ ಹೊಟ್ಟೆಯೊಳಗೆ ಹಾಯುವ ವೈರುಗಳನ್ನು ಅಳತೆಗೆ ಕತ್ತರಿಸಿ, ತುದಿಗೆ ಪಿನ್ನು ಒತ್ತಿ, ಆ ಪಿನ್ನುಗಳನ್ನು ಕನೆಕ್ಟರಿನ ತೂತುಗಳಿಗೆ ಕೂರಿಸಿ, ಟೇಪು ಸುತ್ತಿ ಕಳಿಸುವುದು ಅಲ್ಲಿನ ಕೆಲಸ. ಅದರಲ್ಲಿ ತಪ್ಪು ಹಿಡಿಯುವುದು ನನ್ನ ಕೆಲಸ. ಕಾಗದದ ಮೇಲೆ ಅದಕ್ಕೆ ಕ್ವಾಲಿಟಿ ಇಂಜಿನಿಯರ್ ಎಂಬ ದೊಡ್ಡ ಹೆಸರಿತ್ತು. ಹುಟ್ಟಿದಾಗಿನಿಂದ ಮಾಡುತ್ತಿದ್ದ ಕೆಲಸಕ್ಕೆ ಈಗ ಸಂಬಳ ಬೇರೆ ಕೊಡುತ್ತಾರಾ ಎಂದು ನಮ್ಮವ್ವ ಕೇಳಿದ್ದಳು.

ನಾನು ಹಾವೇರಿ ಕಡೆಯವಳು. ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿದ್ದುಕೊಂಡು ಬೆಂಗಳೂರಿನ ಮಾತು ಕಲಿತಿದ್ದೆನಾದರೂ ಸಿಟ್ಟು ಬಂದಾಗ ಅದೆಲ್ಲ ಮರೆತು ಊರಿನ ಮಾತೇ ಬಾಯಿಗೆ ಬರುತ್ತಿತ್ತು. "ಏನ್ ಹಚ್ಚೀರಿ ಇಲ್ಲಿ? ಇದೇನು ಸಂತೀನ?" ಎಂದು ನಾನು ಗದರಿ ಆಚೆ ಹೋದ ಮೇಲೆ ಬೆಂಚುಗಳ ಹೆಂಗಸರು ಅದನ್ನೇ ಅಣಕಿಸಿ ನಗುತ್ತಿದ್ದರು. ಅವರು ನಗುವುದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು.

ನಾಲ್ಕನೇ ಬೆಂಚಿನಲ್ಲಿ ಕೂರುತ್ತಿದ್ದವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಐವತ್ತರ ಹತ್ತಿರದ ವಯಸ್ಸು. ಜೋಗುಪಾಳ್ಯದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಮನೆಯಲ್ಲಿ ತಮಿಳು, ಶೆಡ್ಡಿನಲ್ಲಿ ಕನ್ನಡ, ಬೇಜಾರಾದಾಗ ಎರಡೂ ಇಲ್ಲ. ಹಾರ್ನು, ಹೆಡ್‌ಲೈಟುಗಳ ದಪ್ಪ ವೈರುಗಳನ್ನು ಅವರು ಕೂರಿಸುವುದನ್ನು ನೋಡಲು ಚೆಂದ. ಒಮ್ಮೆ ಒತ್ತುವುದು, ಒಮ್ಮೆ ಹಿಂದಕ್ಕೆ ಜಗ್ಗಿ ನೋಡುವುದು. ಜಗ್ಗಿದಾಗ ಬರಲಿಲ್ಲವೆಂದರೆ ಕೂತಿದೆ ಎಂದು ಅರ್ಥ. ನಾಲ್ಕು ವರ್ಷದಲ್ಲಿ ಅವರ ಬೆಂಚಿನಿಂದ ನನಗೆ ಒಂದೇ ಒಂದು ತಪ್ಪು ಸಿಕ್ಕಿರಲಿಲ್ಲ, ಮತ್ತು ಅದು ನನಗೆ ಸ್ವಲ್ಪ ಇರುಸುಮುರುಸು ಮಾಡುತ್ತಿತ್ತು.

ಹಾಗಿರುವಾಗ ಹೊಸ ಆರ್ಡರ್ ಬಂತು. ಸಾಮಾನು ಸಾಗಿಸುವ ವ್ಯಾನುಗಳ ಹಿಂಬದಿಗೆ ಒಂದು ಕ್ಯಾಮೆರಾ, ಡ್ರೈವರನ ಮುಂದೆ ಅಂಗೈಯಗಲದ ಪರದೆ. ವ್ಯಾನು ಹಿಂದಕ್ಕೆ ಹೋಗುವಾಗ ಹಿಂದೆ ಏನಿದೆ ಎಂದು ಕಾಣಬೇಕು. ನಡುವಿನ ವೈರು ನಮ್ಮದು. ಹಾರ್ನಿನ ವೈರಿನಲ್ಲಿ ಕರೆಂಟು ಹರಿದರೆ ಸಾಕು, ಇದರಲ್ಲಿ ಚಿತ್ರವೇ ಹರಿಯಬೇಕು. ಕೂದಲೆಳೆಯಂಥ ವೈರುಗಳು, ಎರಡೆರಡನ್ನು ಜಡೆಯ ಹಾಗೆ ಹೊಸೆದಿರುತ್ತಾರೆ. ಆ ಹೊಸೆತ ಸಡಿಲವಾದರೆ ಚಿತ್ರದಲ್ಲಿ ಗೆರೆಗಳು ಬೀಳುತ್ತವೆ. ಆದ್ದರಿಂದ ಇದನ್ನು ಜಗ್ಗುವ ಹಾಗಿರಲಿಲ್ಲ.

ಕನೆಕ್ಟರ್ ಆಯ್ಕೆ ಮಾಡುವ ಜವಾಬ್ದಾರಿ ನನ್ನದಾಗಿತ್ತು. ಎರಡು ಮಾದರಿಗಳು ಮೇಜಿನ ಮೇಲಿದ್ದವು. ಒಂದು ಪುಟ್ಟದು, ಚೊಕ್ಕಟವಾದದ್ದು. ಪಿನ್ನು ಕೂತಾಗ ಟಿಕ್ ಎನ್ನುತ್ತಿತ್ತು. ಇನ್ನೊಂದಕ್ಕೆ ಪಕ್ಕದಲ್ಲಿ ಕೆಂಪು ಬಣ್ಣದ ಎರಡನೇ ಬೀಗ ಇತ್ತು. ಎಲ್ಲ ಪಿನ್ನುಗಳೂ ಪೂರ್ತಿ ಒಳಗೆ ಹೋಗಿದ್ದರೆ ಮಾತ್ರ ಆ ಬೀಗ ಮುಚ್ಚುತ್ತದೆ. ಒಂದು ಅರ್ಧಕ್ಕೆ ನಿಂತಿದ್ದರೂ ಮುಚ್ಚುವುದಿಲ್ಲ. ನಾನು ಪುಟ್ಟದನ್ನು ಆರಿಸಿದೆ. "ಕಿವಿ ಇದ್ದವರಿಗೆ ಒಂದು ಬೀಗ ಸಾಕು ಸರ್" ಎಂದು ಯಜಮಾನರಿಗೆ ಹೇಳಿದೆ. ಯಜಮಾನರು ಫ್ರೇಜರ್ ಟೌನಿನವರು, ಶಿವಾಜಿನಗರದಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟು ಮೇಲೆ ಬಂದವರು. ಪುಟ್ಟದನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಆಯ್ತಮ್ಮ, ಓದಿರೋರು ನೀವು" ಎಂದರು. ನನಗೆ ಭಾರಿ ಖುಷಿಯಾಯಿತು. ಬೆಂಚುಗಳ ಮೇಲೆ ಕಾಣುವಂತೆ ದಪ್ಪ ಅಕ್ಷರದ ಹಲಗೆಯನ್ನೂ ಬರೆಸಿ ಹಾಕಿದೆ: ಎಳೆಯಬೇಡಿ, ಟಿಕ್ ಕೇಳಿ.

ಕೆಲಸ ಶುರುವಾದ ಮೇಲೆ ಹೊಸದೊಂದು ಕಿರಿಕಿರಿ ಕಾಣಿಸಿತು. ಅಕ್ಕನ ಎದುರಿಗೆ, ಮೂರನೇ ಬೆಂಚಿನಲ್ಲಿ, ಕಮ್ಮನಹಳ್ಳಿಯಿಂದ ಬರುತ್ತಿದ್ದ ಇನ್ನೊಬ್ಬ ಹೆಂಗಸಿದ್ದಳು. ಇಬ್ಬರು ಮಕ್ಕಳ ತಾಯಿ, ಬಾಯಿ ಸ್ವಲ್ಪ ಜೋರು. ಅವಳು ದಿನವಿಡೀ ಅಕ್ಕನ ಕಡೆ ನೋಡುತ್ತ ತುಟಿ ಅಲುಗಿಸುತ್ತಲೇ ಇದ್ದಳು. ಅಕ್ಕನೂ ಕೈ ಬಿಟ್ಟು ತಲೆಯೆತ್ತಿ ಅವಳ ಮುಖ ನೋಡಿ, ಮತ್ತೆ ಕೈ ಹಾಕುತ್ತಿದ್ದರು. ಇಷ್ಟು ಹಗುರ ಕೆಲಸದಲ್ಲಿ ಇಷ್ಟು ಹರಟೆಯೇ ಎನ್ನಿಸಿತು. ಎರಡು ಸಲ ಹೇಳಿ ನೋಡಿದೆ. ಮೂರನೇ ಸಲ ಅಕ್ಕನ ಬೆಂಚನ್ನು ಎತ್ತಿಸಿ ಗೋಡೆಯ ಪಕ್ಕಕ್ಕೆ, ಎಲ್ಲರಿಗೂ ಬೆನ್ನಾಗುವ ಹಾಗೆ ಹಾಕಿಸಿದೆ. ಅಕ್ಕ ತಮ್ಮ ಸ್ಟೂಲನ್ನು ತಾವೇ ಎತ್ತಿಕೊಂಡು ಹೋಗಿ ಕೂತರು. ಕಮ್ಮನಹಳ್ಳಿಯವಳು ಮಾತ್ರ ನನ್ನನ್ನು ನುಂಗುವ ಹಾಗೆ ನೋಡಿದಳು.

ಮೂರು ವಾರಕ್ಕೆ ವ್ಯಾನಿನವರಿಂದ ಕರೆ ಬಂತು. ರಸ್ತೆಯ ಉಬ್ಬು ಹಾರಿದ ಕೂಡಲೇ ಕೆಲವು ವ್ಯಾನುಗಳ ಪರದೆ ಕಪ್ಪಾಗುತ್ತಿದೆ. ಆ ವೈರುಗಳನ್ನು ವಾಪಸು ತರಿಸಿಕೊಂಡು ಬಿಚ್ಚಿದೆ. ಪಿನ್ನುಗಳು ಪೂರ್ತಿ ಕೂತಿರಲಿಲ್ಲ. ನಮ್ಮ ಟೆಸ್ಟ್ ಬೋರ್ಡಿನಲ್ಲಿ ದೀಪ ಹತ್ತುವಷ್ಟು ಮಾತ್ರ ತಾಕಿಕೊಂಡಿದ್ದವು, ವ್ಯಾನು ಕುಲುಕಿದಾಗ ಹಿಂದಕ್ಕೆ ಜಾರಿದ್ದವು. ಪ್ರತಿಯೊಂದಕ್ಕೂ ಅಂಟಿಸಿದ್ದ ಬೆಂಚಿನ ಚೀಟಿಯ ಮೇಲೆ ಒಂದೇ ಅಂಕಿ, ನಾಲ್ಕು.

ನಾಲ್ಕು ವರ್ಷದಿಂದ ಸಿಗದ ತಪ್ಪು ಒಟ್ಟಿಗೇ ಸಿಕ್ಕಿತ್ತು. ನಾನು ಆ ವೈರುಗಳನ್ನೆಲ್ಲ ಅಕ್ಕನ ಮುಂದೆ ಸುರಿದೆ. "ಹಲಗೀ ಮ್ಯಾಲೆ ಏನ್ ಬರದೈತ್ರೀ? ಓದಾಕ ಬರೂದಿಲ್ಲೇನು? ಒಂದ್ ಟಿಕ್ ಕೇಳಾಕ ಏನ್ ಧಾಡಿ ನಿಮಗ?" ಎಂದು ಇಡೀ ಶೆಡ್ಡಿಗೆ ಕೇಳುವಂತೆ ಕೂಗಾಡಿದೆ. ಅಕ್ಕ ಎದ್ದು ನಿಂತರು. ಒಂದು ವೈರನ್ನು ತೆಗೆದು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ನಾನೇ ಮಾಡಿರೋದು ಮೇಡಮ್," ಎಂದರು. ಅಷ್ಟೇ.

ಯಜಮಾನರು ನನ್ನನ್ನು ಕರೆಸಿದರು. ಇನ್ನೊಮ್ಮೆ ಹೀಗಾದರೆ ಆರ್ಡರೇ ಹೋಗುತ್ತದೆ, ಶನಿವಾರದೊಳಗೆ ಅಕ್ಕನನ್ನು ಬಿಡಿಸುವ ಕಾಗದ ಬರೆದುಕೊಡಿ ಎಂದರು. ಬರೆಯುತ್ತೇನೆ ಎಂದೆ.

ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಕಮ್ಮನಹಳ್ಳಿಯವಳು ಟಿಫಿನ್ ಡಬ್ಬಿ ಹಿಡಿದುಕೊಂಡೇ ನನ್ನ ಮೇಜಿನ ಹತ್ತಿರ ಬಂದಳು. ಜಗಳಕ್ಕೇ ಬಂದಿದ್ದಳು.

"ನಾವು ಏನ್ ಮಾತಾಡ್ತಿದ್ವಿ ಅಂತ ಒಂದ್ಸಲನಾದ್ರೂ ಕೇಳಿದ್ರಾ ಮೇಡಮ್?"

"ಹರಟೆ."

"ಹರಟೆ ಅಲ್ಲ. 'ಬಂತು' ಅಂತಿದ್ದೆ. ಅಕ್ಕಂಗೆ ಕಿವಿ ಕೇಳ್ಸಲ್ಲ. ಪೂರ್ತಿ ಹೋಗಿ ಎರಡು ವರ್ಷ ಆಯ್ತು. ಮಾತಾದ್ರೆ ಬಾಯಿ ನೋಡಿ ತಿಳ್ಕೊಳ್ತಾರೆ. ಟಿಕ್ಕಿಗೆ ಬಾಯಿ ಎಲ್ಲಿದೆ? ಅವ್ರು ಪಿನ್ ಒತ್ತೋರು, ನಾನು ಸೌಂಡ್ ಕೇಳಿ 'ಬಂತು' ಅನ್ನೋಳು. ನೀವು ಬೆಂಚ್ ಎತ್ತಿ ಗೋಡೆಗೆ ಹಾಕ್ಬಿಟ್ರಿ."

ಇದು ಯಾರ್ಯಾರಿಗೆ ಗೊತ್ತು ಎಂದು ಕೇಳಿದೆ.

"ಎಲ್ರಿಗೂ ಗೊತ್ತು. ನಿಮ್ಗೆ, ಯಜಮಾನ್ರಿಗೆ ಬಿಟ್ಟು. ಇಲ್ಲಿಗೆ ಬರೋಕ್ ಮುಂಚೆ ಇದ್ದ ಕಡೆ, ಕಿವಿ ಮಂದ ಅಂತಾನೇ ತೆಗ್ದಾಕಿದ್ರು. ನಾನು ಹೇಳ್ದೆ ಅಂತ ಅಕ್ಕಂಗೆ ಹೇಳ್ಬೇಡಿ, ಮೇಡಮ್. ಇನ್ನೇನ್ ಬೇಕಾದ್ರೂ ಮಾಡಿ."

ಅವಳು ಹೋದ ಮೇಲೆ ನಾನು ಊಟದ ಡಬ್ಬಿ ಮುಚ್ಚಿಟ್ಟೆ. ನಾಚಿಕೆಯಾಯಿತು ಎಂದರೆ ಕಡಿಮೆ ಹೇಳಿದ ಹಾಗೆ. ಅಕ್ಕನ ಬೆರಳುಗಳಿಗೆ ಗೊತ್ತಿದ್ದ ವಿದ್ಯೆಯನ್ನು ಎಳೆಯಬೇಡಿ ಎಂದು ತಡೆದವಳು ನಾನು. ಕಿವಿಗೆ ಕೆಲಸ ಕೊಟ್ಟವಳು ನಾನು. ಅದಕ್ಕೂ ಅವರು ಏನೋ ಉಪಾಯ ಮಾಡಿಕೊಂಡಿದ್ದರೆ ಅದನ್ನು ಎತ್ತಿ ಗೋಡೆಗೆ ಹಾಕಿದವಳೂ ನಾನೇ.

ಮಾರನೆಯ ದಿನ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋಗಿ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಸ್ಕಾರ್ಫ್ ಬಿಗಿದು ಕೂತೆ. ನಾನು ಆರಿಸಿದ ಪುಟ್ಟ ಕನೆಕ್ಟರಿಗೆ ಪಿನ್ನು ಕೂರಿಸುತ್ತ ಹೋದೆ. ಹತ್ತರಲ್ಲಿ ಮೂರು ಅರ್ಧಕ್ಕೇ ನಿಂತಿದ್ದವು, ಮತ್ತು ಪ್ರತಿ ಸಲವೂ ಸರಿಯಾಗಿ ಕೂತಿತೆಂದೇ ನನಗೆ ಅನ್ನಿಸಿತ್ತು. ಆಮೇಲೆ ಡ್ರಾಯರಿನಿಂದ ಕೆಂಪು ಬೀಗದ್ದನ್ನು ತೆಗೆದೆ. ಅದರಲ್ಲಿ ತಪ್ಪಿದಾಗ ಬೀಗ ಮುಚ್ಚದೆ ಹೆಬ್ಬೆರಳಿಗೆ ಅಡ್ಡ ನಿಂತಿತು. ಒಂದೂ ತಪ್ಪಿಸಿಕೊಂಡು ಹೋಗಲಿಲ್ಲ. ಅಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ನಿಂತು ಏನೋ ಕೇಳುತ್ತಿದ್ದಾರೆಂದು ಅವರ ಕೈ ನೋಡಿ ಗೊತ್ತಾಯಿತು. ಹತ್ತಿ ತೆಗೆದೆ.

"ನೆಗಡಿನಾ?" ಎಂದು ಕೇಳುತ್ತಿದ್ದರು.

"ಕಾಗದ ಬರೀಲಿಲ್ಲ ಸರ್," ಎಂದೆ. "ತಪ್ಪು ನಾಲ್ಕನೇ ಬೆಂಚಿಂದಲ್ಲ. ಕನೆಕ್ಟರ್ ಆರಿಸಿದ್ದು ನಾನು, ತಪ್ಪಾಗಿ ಆರಿಸ್ದೆ. ಈ ಶೆಡ್ಡಲ್ಲಿ ಮೇಲೆ ತಗಡು, ಹೊರಗೆ ಲಾರಿ, ಮೂಲೇಲಿ ಕಂಪ್ರೆಸರ್. ಟಿಕ್ ಕೇಳಿ ಅಂತ ಯಾರಿಗೂ ಹೇಳೋ ಹಾಗೇ ಇರ್ಲಿಲ್ಲ." ಅಕ್ಕನ ಕಿವಿಯ ಮಾತು ಎತ್ತಲಿಲ್ಲ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ.

ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಒಂದು ವ್ಯಾನಿಗೆ ಹಾಕಿ ತೋರ್ಸಮ್ಮ. ಅವ್ರೇ ಮಾಡ್ಲಿ ವೈರು. ಪರದೇಲಿ ಚಿತ್ರ ಉಳಿದ್ರೆ ಅವ್ರು ಇರ್ತಾರೆ. ಮತ್ತೆ ಕಪ್ಪಾದ್ರೆ ನನ್ ಕೈಲಿ ಏನೂ ಇಲ್ಲ."

ಅಕ್ಕನಿಗೆ ಕೆಂಪು ಬೀಗದ ಕನೆಕ್ಟರ್ ಕೊಟ್ಟೆ. ಎರಡು ಸಲ ಮುಚ್ಚಿ ತೆರೆದು ನೋಡಿ ಅವರೇ ಅರ್ಥ ಮಾಡಿಕೊಂಡರು. ಹೇಳಿಕೊಡುವುದೇನೂ ಇರಲಿಲ್ಲ. ನನ್ನ ಮುಖವನ್ನು ಒಂದು ಕ್ಷಣ ನೋಡಿ ಪಿನ್ನು ಕೈಗೆತ್ತಿಕೊಂಡರು.

ಶುಕ್ರವಾರ ವ್ಯಾನು ಬಂತು. ನಾನೇ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಅಕ್ಕ ಮಾಡಿದ ವೈರನ್ನು ಕೂರಿಸಿದೆ. ಎಲ್ಲಿಯೂ ಚೂಪಾಗಿ ಮಡಿಸದೆ, ಬಿಸಿಯಾಗುವ ಭಾಗದಿಂದ ದೂರವಿಟ್ಟು, ಹೊಸೆತ ಬಿಚ್ಚದ ಹಾಗೆ ಹಿಂದಿನ ಬಾಗಿಲವರೆಗೂ ಎಳೆದು ಕಟ್ಟಿದೆ. ರಿವರ್ಸ್ ಗೇರಿಗೆ ಮಾತ್ರ ಹತ್ತುವ ಕ್ಯಾಮೆರಾವನ್ನು ಅವತ್ತಿನ ಮಟ್ಟಿಗೆ ಸದಾ ಹತ್ತಿರುವ ಹಾಗೆ ಮಾಡಿದೆ. ಮಾಡಿದವರೂ ನೋಡಲಿ ಎಂದು ಅಕ್ಕನನ್ನು ಕರೆದುಕೊಂಡೆ. ಡ್ರೈವರನ ಪಕ್ಕದ ಉದ್ದ ಸೀಟಿನಲ್ಲಿ ನಾವಿಬ್ಬರೂ ಒತ್ತಿಕೊಂಡು ಕೂತೆವು.

ರಾಮಮೂರ್ತಿ ನಗರದ ಮುಖ್ಯರಸ್ತೆಯನ್ನು ಆಗ ಪೈಪು ಹಾಕಲು ಅಗೆದು ಬಿಟ್ಟಿದ್ದರು. ದಿನಾ ಬೈಯುತ್ತಿದ್ದ ಆ ರಸ್ತೆಯನ್ನು ಅವತ್ತು ನಾನೇ ಡ್ರೈವರನಿಗೆ ತೋರಿಸಿದೆ. ವ್ಯಾನು ಮೊದಲ ಗುಂಡಿಗೆ ಇಳಿದಾಗ ನಮ್ಮ ತಲೆ ಮೇಲಕ್ಕೆ ಹೋಗಿ ಬಂತು. ಅಕ್ಕ ನನ್ನ ಮಣಿಕಟ್ಟು ಹಿಡಿದರು. ಪರದೆಯಲ್ಲಿ ಚಿತ್ರ ಹಾಗೇ ಇತ್ತು. ಅದರಲ್ಲಿ ಕಬ್ಬಿನ ಹಾಲಿನ ಗಾಡಿ, ಒಂದು ಹಸು, ಸೀರೆ ಎತ್ತಿ ಹಿಡಿದು ಮಣ್ಣುಗುಡ್ಡೆ ದಾಟುವ ಹೆಂಗಸು, ಎಲ್ಲವೂ ನಮ್ಮಿಂದ ದೂರ ಹೋಗುತ್ತಿದ್ದವು. ಇನ್ನೊಂದು ಗುಂಡಿ, ಮತ್ತೊಂದು. ಪ್ರತಿ ಸಲ ಅಕ್ಕನ ಹಿಡಿತ ಬಿಗಿಯಾಗುತ್ತಿತ್ತು. ನನಗೆ ದೇವರ ನೆನಪು ಅಷ್ಟಾಗಿ ಬರುವುದಿಲ್ಲ, ಅವತ್ತು ಬಂತು. ಇಡೀ ರಸ್ತೆ ಹೋಗಿ ಬಂದೆವು. ಚಿತ್ರ ಒಮ್ಮೆಯೂ ಅಳಿಸಿಹೋಗಲಿಲ್ಲ.

"ಎಷ್ಟು ವರ್ಷದಿಂದ ವೈರ್ ಮಾಡ್ತಾ ಇದೀನಿ ಮೇಡಮ್," ಎಂದು ಅಕ್ಕ ಪರದೆಯಿಂದ ಕಣ್ಣು ಕೀಳದೆ ಹೇಳಿದರು. "ಅದು ಹೋಗಿ ಎಲ್ಲಿ ಕೂತ್ಕೊಳುತ್ತೆ ಅಂತ ಇವತ್ತೇ ನೋಡಿದ್ದು." ನನಗೆ ಅಳು ಬಂತು. ಕಿಟಕಿಯ ಕಡೆ ತಿರುಗಿಕೊಂಡೆ.

ಯಜಮಾನರು ಮಾತು ಉಳಿಸಿಕೊಂಡರು. ಸೋಮವಾರದಿಂದ ಎಲ್ಲ ಬೆಂಚಿಗೂ ಕೆಂಪು ಬೀಗವೇ ಬಂತು. ನಾಲ್ಕನೇ ಬೆಂಚು ಕಮ್ಮನಹಳ್ಳಿಯವಳ ಎದುರಿಗೆ ತನ್ನ ಹಳೆಯ ಜಾಗಕ್ಕೆ ಬಂತು. ಹಲಗೆಯನ್ನು ನಾನೇ ಸ್ಟೂಲು ಹತ್ತಿ ಇಳಿಸಿದೆ. ಆದರೂ ಒಂದು ಕೆಲಸ ಉಳಿದಿತ್ತು. ಬೈದದ್ದು ಎಲ್ಲರೆದುರು, ಕ್ಷಮೆ ಕೇಳುವುದನ್ನು ಮಾತ್ರ ಯಾರಿಗೂ ಗೊತ್ತಾಗದ ಹಾಗೆ ಮುಗಿಸಬೇಕೆಂದು ನನ್ನ ಲೆಕ್ಕಾಚಾರ. ಎರಡು ದಿನ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು, ಟೀ ಹೊತ್ತು ಮುಗಿಯುವಾಗ ಅಕ್ಕನ ಬೆನ್ನ ಹಿಂದೆ ಹೋಗಿ ನಿಂತು ಮೆಲ್ಲಗೆ ಹೇಳಿದೆ. ನನ್ನಿಂದ ತಪ್ಪಾಯಿತು, ಹಾಗೆ ಕೂಗಬಾರದಿತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆಲ್ಲ. ಅಕ್ಕ ತಿರುಗಲಿಲ್ಲ. ಪಿನ್ನು ಒತ್ತುತ್ತಲೇ ಇದ್ದರು.

ಆಗ ಹೊಳೆಯಿತು. ಎಂಥ ಪೆದ್ದಿ ನಾನು ಎಂದುಕೊಂಡು ಬೆಂಚು ಸುತ್ತಿ ಅವರ ಎದುರಿಗೆ ಬಂದೆ. ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

"ಅಕ್ಕಾ, ತಪ್ಪಾತ್ರೀ!" ಎಂದು ಇದ್ದ ದನಿಯನ್ನೆಲ್ಲ ಕೂಡಿಸಿ ಕೂಗಿದೆ. "ನಂದ ತಪ್ಪು! ನಿಮ್ಮನ್ನ ಬೈಬಾರದಿತ್ತು!"

ಕಂಪ್ರೆಸರ್ ಒಂದನ್ನು ಬಿಟ್ಟು ಶೆಡ್ಡಿನಲ್ಲಿ ಎಲ್ಲವೂ ನಿಂತಿತು. ಬೆಂಚು ಬೆಂಚಿನಿಂದ ತಲೆಗಳು ಎದ್ದವು. ಕಮ್ಮನಹಳ್ಳಿಯವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಕ್ಕ ಕೈಯಲ್ಲಿದ್ದ ಕನೆಕ್ಟರನ್ನು ಕೆಳಗಿಟ್ಟು, ನಿಧಾನವಾಗಿ ನನ್ನ ಕೈ ಹಿಡಿದುಕೊಂಡರು.

"ನೀವು ಹಿಂದೆ ನಿಂತು ಹೇಳಿದ್ದೂ ಬಂತು ಮೇಡಮ್, ಎದುರಿಗೆ ಇವಳು ಬಾಯಲ್ಲಿ ಎಲ್ಲಾ ಹೇಳಿದ್ಲು," ಎಂದರು. "ಅವತ್ತು ಬೈದಿದ್ದು ಇವರೆಲ್ಲಾ ಕೇಳಿಸ್ಕೊಂಡಿದ್ರಲ್ಲ. ಇದನ್ನೂ ಕೇಳಿಸ್ಕೊಳ್ಲಿ ಅಂತ ಸುಮ್ನಿದ್ದೆ."