ಗಾಜಿಲ್ಲದ ನಕ್ಷೆ

ಪುತ್ತೂರು ಪೇಟೆಯಲ್ಲಿ ಊರವರ ಪಟಗಳಿಗೆಲ್ಲ ಗಾಜು ಹಾಕಿ ಫ್ರೇಮ್ ಕಟ್ಟುತ್ತಿದ್ದ ಕಾಕ, ತಮ್ಮ ಅಂಗಡಿಯ ಗೋಡೆಯ ನಕ್ಷೆಗೆ ಮಾತ್ರ ಗಾಜು ಹಾಕಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಬಂಗಲೆಗಳನ್ನೂ ಸೈಟುಗಳನ್ನೂ ಮಾರಲು ಅಚ್ಚು ಹಾಕಿಸಿದ್ದ ನಕ್ಷೆ ಅದು. ಕಾಕ ಹುಟ್ಟಿದ ಬಂಗಲೆಯೂ ಅದರಲ್ಲಿತ್ತು. ಆ ಜಾಗದಲ್ಲಿ ಈಗ ಕಾಂಪ್ಲೆಕ್ಸ್ ಎದ್ದಿದೆ.

“ಗ್ಲಾಸು ಹಾಕಿದ್ರೆ ನಾನು ಮನೆಗೆ ಹೋಗುದು ಹೇಗೆ ಮಾರಾಯ?” ಎನ್ನುತ್ತಿದ್ದರು.

ನಕ್ಷೆಯ ರಸ್ತೆಯಲ್ಲಿ ಅವರ ತೋರುಬೆರಳು ಗುಡ್ಡೆಯ ಏರು ಹತ್ತುವಾಗ ಅವರಿಗೆ ನಿಜಕ್ಕೂ ಏದುಸಿರು ಬರುತ್ತಿತ್ತು. ಗೇಟು ತಲುಪಿದ ಕೂಡಲೇ, ಅಂಗಡಿಯಲ್ಲಿ ಹರಟೆಗೆ ಕೂತಿರುತ್ತಿದ್ದ ನನ್ನ ಕಡೆ ತಿರುಗಿ, “ಚಪ್ಪಲಿ ಹೊರಗೆ ಬಿಡು” ಎನ್ನುತ್ತಿದ್ದರು. ಎಲ್ಲರನ್ನೂ ಅಣಕಿಸುತ್ತ ಸ್ವಂತ ಸ್ವರವನ್ನೇ ಮರೆತಿರುವ ನಾನು, ಒಮ್ಮೆ ಅವರೆದುರೇ ನಕ್ಷೆಯ ಮೇಲೆ ಬೆರಳಿಟ್ಟು ಅದನ್ನು ಮಾಡಿ ತೋರಿಸಿದೆ.

“ದಮ್ಮು ಕಟ್ಟಿದ್ದು ಸರಿ ಉಂಟು. ಗೇಟು ತಪ್ಪಿತು. ಅದು ಪಕ್ಕದವರ ಮನೆ” ಎಂದರು.

ಅವರ ಮನೆಯ ಗೆರೆಗಳು ಬೆರಳು ತಾಗಿ ತಾಗಿ ಅಳಿಸಿಹೋಗಿದ್ದವು.

ಕಾಕ ತೀರಿಕೊಂಡ ಮೇಲೆ ನಕ್ಷೆಯನ್ನು ಕಬಕದ ಗಲ್ಫಿನವರೊಬ್ಬರು ಕೊಂಡರು. ಅವರ ಹೊಸಮನೆ ಒಕ್ಕಲಿನ ಊಟಕ್ಕೆ ಹೋದಾಗ, ಮಕ್ಕಳನ್ನು ನಗಿಸಲೆಂದು ಏದುಸಿರು ಬಿಡುತ್ತ ನಕ್ಷೆಯ ಏರು ಹತ್ತಿದೆ. ಈ ಸಲ ಗೇಟು ಸರಿಯಾಗಿಯೇ ಸಿಕ್ಕಿತು. ಬೆರಳು ಮಾತ್ರ ಗಾಜಿನ ಮೇಲೆ ಜಾರಿತು.

ಚಪ್ಪಲಿ ಹೊರಗೇ ಬಿಟ್ಟಿದ್ದೆ.