ದೇವರ ಮನೆಯ ಎಂಸಿಬಿ

ಮಸ್ಕಿ, ಸಿಂಧನೂರು, ಲಿಂಗಸುಗೂರು ಎಂದು ಊರೂರಿನ ಮನೆಗಳಿಗೆ ವೈರಿಂಗ್ ಮಾಡುತ್ತ ತಿರುಗಿದವನು ನಾನು. ಈಗ ಬಲಭುಜ ಮೇಲೇಳುವುದಿಲ್ಲ. ಉಣ್ಣಲು, ಉಡಲು ತೊಂದರೆಯಿಲ್ಲ. ಕೈ ತಲೆಗಿಂತ ಮೇಲೆ ಹೋದರೆ ಮಾತ್ರ ಜೀವ ಬಾಯಿಗೆ ಬರುತ್ತದೆ. ನನ್ನ ಕೆಲಸವೆಲ್ಲ ಇರುವುದೇ ತಲೆಗಿಂತ ಮೇಲೆ. ಕೈ ಹೋದರೆ ಅನ್ನ ಹೋಯಿತು ಎಂದು ಹೆದರಿ, ಯಾರಿಗೂ ಹೇಳದೆ ದಿನವೂ ಗುಳಿಗೆ ನುಂಗಿ ಹೊರಡುತ್ತಿದ್ದೆ.

ಜವಳಗೇರಾದ ಒಂದು ಹೊಸ ಮನೆಯಲ್ಲಿ, ಕೋಣೆ ಕೋಣೆಗೂ ಕರೆಂಟು ಹಂಚುವ ಡಿಬಿ ಬಾಕ್ಸಿನ ಕೆಲಸ ಒಂದೇ ಉಳಿದಿತ್ತು. ಮರುದಿನವೇ ಗೃಹಪ್ರವೇಶ. ಮಕ್ಕಳ ಕೈಗೆ ಸಿಗಬಾರದೆಂದು ಬಾಕ್ಸನ್ನು ಬಾಗಿಲಿಗಿಂತ ಎತ್ತರದಲ್ಲಿ ಕೂರಿಸಿದ್ದರು. ಸ್ಟೂಲು ಹತ್ತಿದರೂ ಕೈ ಎತ್ತಲೇಬೇಕು. ಎಂಸಿಬಿ ಅಂದರೆ ಲೋಡು ಹೆಚ್ಚಾದಾಗ ತಾನೇ ಬೀಳುವ ಸ್ವಿಚ್ಚು. ಅವನ್ನು ಸಾಲಾಗಿ ಕೂರಿಸಿ, ವೈರುಗಳನ್ನು ಗೋಜಲಾಗದಂತೆ ಬಗ್ಗಿಸಿ ಕಟ್ಟುವುದರಲ್ಲಿ ನನಗೊಂದು ಹಟವಿದೆ. ಮುಚ್ಚಳ ಹಾಕಿದ ಮೇಲೆ ಯಾರೂ ನೋಡುವುದಿಲ್ಲ, ನಿಜ. ಆದರೆ ಮುಂದೆ ಬಿಚ್ಚಿದವನು ನನ್ನನ್ನು ಬೈಯಬಾರದು.

ಊಟದ ಹೊತ್ತಿಗೆ ಎಲ್ಲ ಮುಗಿಸಿ, ಯಾವುದು ಯಾವ ಕೋಣೆಯದೆಂದು ಚೀಟಿ ಅಂಟಿಸಿ ಇಳಿದೆ. ಚಹಾ ತಂದ ಮನೆಯಾಕೆ ಕತ್ತೆತ್ತಿ ಓದಿದಳು.

“ಅಣ್ಣಾರ, ದೇವ್ರ ಮನಿದು ಬಚ್ಚಲದ ಗೀಜರ್ ಮಗ್ಗಲಕ ಕುಂತೈತಲ್ರೀ!”

ನನಗೆ ತಿಳಿಯದ್ದೇನಲ್ಲ. ಈ ಕಡೆ ಯಾರ ಮನೆಯಲ್ಲಾದರೂ ದೇವರ ಮನೆಯದು ಮೊದಲು, ಬಚ್ಚಲದ್ದು ಕೊನೆಗೆ. ಅಂದು ನೋವಿನ ಧ್ಯಾನದಲ್ಲೇ ಇದ್ದು ಮರೆತಿದ್ದೆ. ಆದರೂ ಸಿಟ್ಟು ಬಂತು.

“ಅಕ್ಕಾರ, ಅದು ಸ್ವಿಚ್ಚ್ರೀ. ಅದರೊಳಗ ದೇವ್ರೇನು ಕುಂದ್ರಂಗಿಲ್ಲ.”

“ನನಗ ತಿಳೀತೈತ್ರೀ. ನಮ್ಮತ್ತಿಗೆ ಯಾರು ಹೇಳ್ಬೇಕು? ನಾಳಿ ಬಂದವರ ಮುಂದ ಇದ ಮಾತ ತಗೀತಾರ.”

ಸೊಸೆಯ ಸಂಕಟವೂ ಸುಳ್ಳಲ್ಲ. ಹೊರಗಿನ ಮೇನ್ ಆಫ್ ಮಾಡಿ ಮತ್ತೆ ಹತ್ತಿದೆ. ಗೀಜರಿನದು ದೊಡ್ಡ ಎಂಸಿಬಿ. ವೈರು ಅದಲುಬದಲು ಮಾಡಿದರೆ ಸಾಲದು, ಸಾಲಿಗೆ ಸಾಲೇ ಬಿಚ್ಚಬೇಕು. ಬೆಳಗಿನಿಂದ ಮಾಡಿದ್ದನ್ನೆಲ್ಲ ಬಿಚ್ಚಿದೆ. ದೇವರ ಮನೆಯದನ್ನು ಮೊದಲಿಗೆ ತಂದೆ, ಗೀಜರಿನದನ್ನು ಕೊನೆಗೆ ದೂಡಿದೆ. ಇನ್ನು ಸ್ಕ್ರೂ ಬಿಗಿಯಬೇಕು ಅನ್ನುವಾಗ ಸ್ಕ್ರೂಡ್ರೈವರ್ ಕೈಜಾರಿ ಬಿತ್ತು. ತೋಳು ತಾನಾಗಿ ಕೆಳಗಿಳಿಯಿತು. ಎಷ್ಟು ಹೆಣಗಿದರೂ ಮತ್ತೆ ಏಳಲಿಲ್ಲ.

“ಏನಾತ್ರೀ?”

“ಕೈ ಏಳವಲ್ದು,” ಅಂದೆ. ಹೆಂಡತಿಯ ಮುಂದೆಯೂ ಆಡದ ಮಾತು ಅದು.

ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ಇಳೀರಿ. ನಾ ಹತ್ತತೀನಿ, ನೀವು ಹೇಳ್ರಿ.”

ನಾನು ಕೆಳಗೆ ನಿಂತು ಹೇಳಿದೆ: ಇದು ಬಿಗೀ ಮಾಡ್ರಿ, ಅದು ಇನ್ನಾ ಒಳಗ ತಳ್ರಿ. ಆಕೆ ನಿಧಾನವಾಗಿ, ನಾನು ಹೇಳಿದಂತೆಯೇ ಮಾಡಿದಳು. ಸಾಲು ಚೆನ್ನಾಗಿಯೇ ಬಂತು. ಮೇನ್ ಹಾಕಿದೆ. ಆಕೆ ಮೊದಲನೆಯದನ್ನು ಎತ್ತಿದಾಗ ದೇವರ ಮನೆಯ ದೀಪ ಹತ್ತಿತು. ಆಕೆ ಚಿಕ್ಕ ಹುಡುಗಿಯಂತೆ ನಕ್ಕಳು. ನನಗೆ ಅಳು ಬಂದಿತ್ತು. ಬ್ಯಾಗು ಹುಡುಕುವ ನೆಪದಲ್ಲಿ ಆಚೆ ತಿರುಗಿದೆ.

ಊರಿಗೆ ಮರಳುವ ಬಸ್ಸಿನಲ್ಲಿ ಕುಳಿತು ಗುರುಗುಂಟಾದ ಒಬ್ಬರಿಗೆ ಫೋನ್ ಮಾಡಿದೆ. ಮರುದಿನ ಅವರ ಮನೆಯ ಕೆಲಸ ಹಿಡಿಯಬೇಕಿತ್ತು. ಬಹಳ ವರ್ಷಗಳಿಂದ ಗುರುತಿನವರು.

“ನಾಳಿ ಬರಾಂಗಿಲ್ರೀ.”

“ನಾಡಿದ್ದು ಬರ್ತೀರೇನು?”

ಸುಳ್ಳು ಹೇಳಲೂ ತ್ರಾಣವಿರಲಿಲ್ಲ. “ನನ್ನ ಕೈಲೆ ಆಗಾಂಗಿಲ್ರೀ. ಬ್ಯಾರೇದವ್ರನ್ನ ನೋಡ್ಕೋರಿ.”

ಅವರು ಬೇಜಾರು ಮಾಡಿಕೊಂಡಾರು, ಬಿಡಲಾರರು, ನೀವೇ ಬೇಕು ಅಂದಾರು ಎಂದು ಫೋನ್ ಕಿವಿಗೆ ಒತ್ತಿಕೊಂಡೇ ಇದ್ದೆ.

“ಆತು ತಗೋರಿ,” ಅಂದು ಅವರು ಫೋನ್ ಇಟ್ಟರು.